ಹಾರ್ಮೋನಿಯಂ, ಒಂದು

ಕಳೆದ ಬೇಸಿಗೆಯ ಒಂದು ಭಾನುವಾರ ಬೆಳಿಗ್ಗೆ ಕಾಮೋಠೆಯ ನಮ್ಮ ಮನೆಯ ಅಡುಗೆಕಟ್ಟೆಯ ಸುತ್ತ ನಾಲ್ಕು ಜನ ಇದ್ದೆವು. ನಾನು, ನನ್ನ ಹೆಂಡತಿ ಸುಮತಿ, ಮಹಾಪೆಯಲ್ಲಿ ಕಂಪನಿಯೊಂದರ ಕ್ಯಾಂಟೀನು ನಡೆಸುವ ಅವಳ ತಮ್ಮ ಗಣೇಶ, ಮತ್ತು ರಜೆಗೆ ಬಂದಿದ್ದ ಐದನೇ ಕ್ಲಾಸಿನ ಮೊಮ್ಮಗಳು ಈರಾ. ಐದನೆಯವರೂ ಒಬ್ಬರಿದ್ದರು ಎಂದು ಆಮೇಲೆ ತಿಳಿಯಿತು. ಅವರ ಹೆಸರು ಕುಸುಮಾ. ಅವರನ್ನು ನಾವ್ಯಾರೂ ಕಂಡಿಲ್ಲ.

ಆದದ್ದಿಷ್ಟೆ. ಸುಮತಿ ಅವಲಕ್ಕಿಯ ಸ್ಟೀಲ್ ಡಬ್ಬ ಖಾಲಿಮಾಡಿ ತೊಳೆದು ಬೋರಲು ಹಾಕಿದ್ದಳು. ಅದರ ತಳದಲ್ಲಿ ಚುಕ್ಕಿಚುಕ್ಕಿಯಾಗಿ ಕೆತ್ತಿದ್ದ ಅಕ್ಷರಗಳನ್ನು ಈರಾ ಬೆರಳಿಟ್ಟು ಓದಿದಳು. ಮರಾಠಿಯಲ್ಲಿ ‘ಸೌ. ಕುಸುಮಾ’ ಎಂದಿತ್ತು. ಈ ಹುಡುಗಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ ಬರುತ್ತದೆ.

“ಅಜ್ಜಾ, ಯೇ ಕುಸುಮಾ ಕೌನ್ ಹೈ?”

ನನಗೆ ಗೊತ್ತಿರಲಿಲ್ಲ. ಇಪ್ಪತ್ತೈದು ವರ್ಷದಿಂದ ಆ ಡಬ್ಬದ ಅವಲಕ್ಕಿ ತಿನ್ನುತ್ತಿದ್ದೇನೆ. ಸುಮತಿ ಸ್ವಲ್ಪವೂ ಕಂಗಾಲಾಗಲಿಲ್ಲ. ಠಾಣೆಯ ಕೋಪರಿಯ ಚಾಳಿನಲ್ಲಿದ್ದಾಗ ಯಾವುದೋ ಹಬ್ಬಕ್ಕೆ ಚಕ್ಕುಲಿ ತುಂಬಿ ನಮ್ಮ ಡಬ್ಬ ಯಾರ ಮನೆಗೋ ಕೊಟ್ಟಿದ್ದಳಂತೆ, ತಿರುಗಿ ಬರುವಾಗ ಇದು ಬಂದಿರಬೇಕಂತೆ. “ನಮ್ಮದು ಅವರತ್ರ ಉಂಟು, ಅವರದ್ದು ನಮ್ಮತ್ರ ಉಂಟು. ಸರಿ ಹೋಯ್ತಲ್ಲ” ಅಂದಳು. ಗಣೇಶ ಚಹಾದ ಲೋಟ ಕೆಳಗಿಟ್ಟು ನನ್ನ ಕಡೆ ತಿರುಗಿದ.

“ಭಾವ, ನಿಮ್ಮ ಮನೆಯದ್ದೇ ಡೆಡ್‌ಸ್ಟಾಕ್ ತಪ್ಪುಂಟು. ನೀವು ಊರಿಡೀ ಹೆಡ್‌ಮಾಸ್ಟ್ರುಗಳಿಗೆ ಪಾಠ ಮಾಡಿದ್ದು.”

ನಾನು ನಕ್ಕೆ. ಅವನಿಗೆ ಗೊತ್ತಿಲ್ಲ, ಆ ಮಾತು ಸರಿಯಾಗಿ ಎಲ್ಲಿ ತಾಗಬೇಕೋ ಅಲ್ಲೇ ತಾಗಿತ್ತು.

ಡೆಡ್‌ಸ್ಟಾಕ್ ಎಂಬ ಮಾತು ನಿಮಗೆ ಹೊಸದಿರಬಹುದು. ಶಾಲೆಯಲ್ಲಿ ಖರ್ಚಾಗಿ ಮುಗಿಯದ ಸಾಮಾನೆಲ್ಲ ಡೆಡ್‌ಸ್ಟಾಕು. ಚಾಕ್‌ಪೀಸು ಸವೆದು ಮುಗಿಯುತ್ತದೆ, ಆದ್ದರಿಂದ ಅದು ಜೀವಂತ. ಬೆಂಚು ಮುಗಿಯುವುದಿಲ್ಲ, ಆದ್ದರಿಂದ ಅದು ಸತ್ತಿದೆ. ಯಾರು ಇಟ್ಟ ಹೆಸರೋ, ಬಹಳ ಯೋಚನೆ ಮಾಡಿ ಇಟ್ಟಿರಬೇಕು. ಈ ಸತ್ತ ಸಾಮಾನುಗಳ ಹೆಸರನ್ನೆಲ್ಲ ನಂಬರು ಹಾಕಿ ಬರೆದಿಡುವ ದಪ್ಪ ರಿಜಿಸ್ಟರು ಪ್ರತಿ ಶಾಲೆಯಲ್ಲೂ ಇರುತ್ತದೆ. ಹೆಡ್‌ಮಾಸ್ಟರು ಬದಲಾದಾಗ ಹಳಬರು ಆ ಪಟ್ಟಿಯ ಪ್ರಕಾರ ಎಲ್ಲವನ್ನೂ ಹೊಸಬರಿಗೆ ಒಪ್ಪಿಸಬೇಕು, ಹೊಸಬರು ‘ಸಿಕ್ಕಿದೆ’ ಎಂದು ಬರೆದು ಸಹಿ ಹಾಕಬೇಕು. ಅದಕ್ಕೆ ಚಾರ್ಜ್ ಕೊಡುವುದು, ಚಾರ್ಜ್ ತೆಗೆದುಕೊಳ್ಳುವುದು ಎನ್ನುತ್ತೇವೆ. ತೆಗೆದುಕೊಳ್ಳದಿದ್ದರೆ ಹೊಸಬರಿಗೆ ಕುರ್ಚಿಯಿಲ್ಲ, ಕೊಡದಿದ್ದರೆ ಹಳಬರಿಗೆ ಬಿಡುಗಡೆಯಿಲ್ಲ.

ನಾನು ಒಂದು ಪಾಲಿಕೆಯ ಶಾಲಾ ಖಾತೆಯಲ್ಲಿ ಆಯುಸ್ಸಿನ ಒಳ್ಳೆಯ ಭಾಗವನ್ನೆಲ್ಲ ಕಳೆದವನು. ಮೊದಲು ಮೇಷ್ಟ್ರಾಗಿದ್ದೆ, ಆಮೇಲೆ ಹೆಡ್‌ಮಾಸ್ಟರಾದೆ, ಆಮೇಲೆ ಹತ್ತಾರು ಶಾಲೆಗಳ ಮೇಲೆ ಕಣ್ಣಿಡುವ ಅಧಿಕಾರಿಯಾದೆ. ಕೊನೆಯ ವರ್ಷಗಳಲ್ಲಿ ಹೊಸ ಹೆಡ್‌ಮಾಸ್ಟರುಗಳನ್ನು ತಯಾರು ಮಾಡುವ ಕೆಲಸ ಕೊಟ್ಟರು. ಒಬ್ಬ ಮನುಷ್ಯನಿಗೆ ಇನ್ನು ಪಾಠ ಮಾಡಲು ಬರುವುದಿಲ್ಲ ಎಂದು ಖಾತ್ರಿಯಾದಾಗ ಪಾಠ ಮಾಡುವವರಿಗೆ ಪಾಠ ಮಾಡಲು ಕಳಿಸುತ್ತಾರೆ ಎಂದು ನಮ್ಮಲ್ಲಿ ತಮಾಷೆಯಿತ್ತು. ನನ್ನ ವಿಷಯದಲ್ಲಿ ಅದು ತಮಾಷೆಯೋ ಅಲ್ಲವೋ ಎಂದು ನಾನು ವಿಚಾರಿಸಲು ಹೋಗಲಿಲ್ಲ.

ಸಾಮಾನಿನ ಮೇಲೆ ಹೆಸರು ಹಾಕುವ ವಿಷಯ ನನಗೆ ಚಿಕ್ಕಂದಿನಿಂದಲೂ ಗೊತ್ತು. ನನ್ನ ತಂದೆ ಕಾರ್ಕಳದ ಕಡೆಯಿಂದ ಬಂದು ಕೋಪರಿಯ ಒಂದು ಹೋಟೆಲಿನಲ್ಲಿ ಮ್ಯಾನೇಜರಾಗಿದ್ದರು. ಆ ಹೋಟೆಲಿನ ಚಮಚಗಳ ಹಿಡಿಕೆಯ ಮೇಲೆ ಹೋಟೆಲಿನ ಹೆಸರು ಒತ್ತಿಸಿದ್ದರು, ಯಾರೂ ಒಯ್ಯಬಾರದೆಂದು. ಹೆಸರು ಒತ್ತಿಸಿದ ಮೇಲೆ ಅವು ಇನ್ನೂ ಬೇಗ ಕಾಣೆಯಾದವು. ಕೋಪರಿಯಲ್ಲಿ ಯಾರ ಮನೆಗೆ ಸತ್ಯನಾರಾಯಣ ಪೂಜೆಗೆ ಹೋದರೂ ಶಿರಾದ ಜೊತೆ ನಮ್ಮ ಹೋಟೆಲಿನ ಚಮಚ ಬರುತ್ತಿತ್ತು. ನಾನು ಅದನ್ನು ತಿರುಗಿಸಿ ಓದಲು ಹೋದರೆ ಅಮ್ಮ ತೊಡೆ ಚಿವುಟುತ್ತಿದ್ದಳು. ಅಪ್ಪ ಮಾತ್ರ ಆ ಚಮಚದಲ್ಲೇ ತಿಂದು, ನೆಕ್ಕಿ, ತಟ್ಟೆಯಲ್ಲಿಟ್ಟು, ಬಹಳ ರುಚಿಯಾಗಿದೆ ಎಂದು ಹೇಳಿ ಬರುತ್ತಿದ್ದರು. ಚಮಚ ಎಲ್ಲಿದೆ ಎಂದು ಗೊತ್ತಿದ್ದರೆ ಅದು ಕಳೆದ ಹಾಗಲ್ಲ ಎಂಬುದು ಅವರ ಮತ. ಈ ಮತವನ್ನು ಅಪ್ಪ ಮಾಲೀಕರಿಗೆ ಎಂದೂ ತಿಳಿಸಲಿಲ್ಲ.

ನನ್ನ ಕನ್ನಡವೂ ಆ ಹೋಟೆಲಿನ ಹಿಂಬದಿಯಲ್ಲೇ ಹುಟ್ಟಿದ್ದು. ಮನೆಯಲ್ಲಿ ತುಳು. ಕನ್ನಡ ಕಲಿಸಿದವರು ಅಡುಗೆಯ ಶೀನಣ್ಣ. ಅವರು ಉದ್ದಿನಹಿಟ್ಟು ರುಬ್ಬುತ್ತಾ ಯಕ್ಷಗಾನದ ಅರ್ಥ ಹೇಳುತ್ತಿದ್ದರು. ರುಬ್ಬುಗುಂಡು ನಿಂತರೆ ಮಾತೂ ನಿಲ್ಲುತ್ತಿತ್ತು, ಅಡುಗೆಯ ಹುಡುಗರಿಗೆ ಕೆಲಸ ಹೇಳುವುದೂ ಅದೇ ದನಿಯಲ್ಲಿ. ಹಾಗಾಗಿ ನಾನು ಎಷ್ಟೋ ಕಾಲ ಕರ್ಣನ ಮಾತಿನ ನಡುವೆ ತೆಂಗಿನಕಾಯಿ ಹೆಚ್ಚು ತುರಿಯಿರೋ ಎಂಬುದೂ ಸೇರಿದೆ ಎಂದುಕೊಂಡಿದ್ದೆ. ಮುಂದೆ ಪಾಲಿಕೆಯ ಕನ್ನಡ ಶಾಲೆಯಲ್ಲಿ ಪಾಠ ಮಾಡಲು ನಿಂತಾಗ ಎದುರಿಗಿದ್ದ ಮಕ್ಕಳೆಲ್ಲ ಕಲಬುರಗಿ, ವಿಜಯಪುರ, ರಾಯಚೂರು ಕಡೆಯವರು, ಕಟ್ಟಡದ ಕೆಲಸಕ್ಕೆ, ಹಮಾಲಿಗೆ ಬಂದವರ ಮಕ್ಕಳು. ನಾನು “ಎಂತ ಮಕ್ಕಳೇ” ಅಂದರೆ ಅವರು ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಎರಡು ವರ್ಷದಲ್ಲಿ ನನ್ನ ಮಾತಿನಲ್ಲಿ “ಹೌದಲ್ರೀ” ಸೇರಿಕೊಂಡಿತು. ಈಗ ನನ್ನ ಕನ್ನಡ ಯಾವ ಊರಿನದೆಂದು ಕೇಳಿದರೆ ಸೆಂಟ್ರಲ್ ರೈಲ್ವೆ ಲೈನಿನದು ಎನ್ನಬೇಕಾಗುತ್ತದೆ.

ಇರಲಿ, ಡೆಡ್‌ಸ್ಟಾಕಿಗೆ ಬರೋಣ.

ಠಾಣೆಯ ಒಂದು ಹಾಲಿನಲ್ಲಿ ನಮ್ಮ ತರಬೇತಿ ನಡೆಯುತ್ತಿತ್ತು. ಮರಾಠಿ, ಹಿಂದಿ, ಉರ್ದು, ಗುಜರಾತಿ, ಕನ್ನಡ ಎಲ್ಲ ಮಾಧ್ಯಮದ ಶಾಲೆಗಳಿಂದಲೂ ಹೆಡ್‌ಮಾಸ್ಟರಾಗಲು ಸರದಿಯಲ್ಲಿದ್ದವರು ಬರುತ್ತಿದ್ದರು. ಫ್ಯಾನುಗಳು ನನಗಿಂತ ಗಟ್ಟಿಯಾಗಿ ಮಾತಾಡುತ್ತಿದ್ದವು. ಶಿಸ್ತು, ಹಾಜರಿ, ಪಾಲಕರ ಸಭೆ ಎಲ್ಲ ಆದ ಮೇಲೆ ಚಾರ್ಜಿನ ಪಾಠ. ಆ ಪಾಠಕ್ಕೆಂದೇ ನಾನು ಒಂದು ಚಾರ್ಟು ಬರೆಸಿದ್ದೆ: ಕಣ್ಣಾರೆ ನೋಡದೆ ಸಹಿ ಹಾಕಬೇಡಿ. ಅದನ್ನು ಮೂರು ಭಾಷೆಯಲ್ಲಿ ಹೇಳುತ್ತಿದ್ದೆ, ಕೋಲಿನಿಂದ ಚಾರ್ಟು ತಟ್ಟುತ್ತಿದ್ದೆ. ಎಲ್ಲರೂ ತಲೆ ಆಡಿಸುತ್ತಿದ್ದರು. ಊಟವಾದ ಮೇಲಿನ ಪಾಠವಾದ್ದರಿಂದ ಕೆಲವರ ತಲೆ ತಾನಾಗಿಯೇ ಆಡುತ್ತಿತ್ತು.

ಒಬ್ಬರು ಮಾತ್ರ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಅಡಿಗೆರೆ ಎಳೆದರು. ಅವರೇ ನೀಲಮ್ಮ. ಕಲ್ಯಾಣದ ಕಡೆಯ ಒಂದು ಕನ್ನಡ ಶಾಲೆಯ ಟೀಚರು. ವಿಜಯಪುರದ ಕಡೆಯಿಂದ ಬಂದು ಕಟ್ಟಡಗಳಲ್ಲಿ ಕೆಲಸ ಮಾಡುತ್ತಿದ್ದವರ ಮಗಳು, ಪಾಲಿಕೆಯ ಶಾಲೆಯಲ್ಲೇ ಓದಿ ಪಾಲಿಕೆಯ ಶಾಲೆಗೇ ಟೀಚರಾಗಿ ಬಂದವರು. ಮಾತು ಕಡಿಮೆ. ಆಡಿದರೆ ಒಮ್ಮೆಗೇ ಮುಗಿಸಿಬಿಡುವ ಸ್ವಭಾವ.

ತರಬೇತಿ ಮುಗಿದ ವರ್ಷವೇ ಅವರಿಗೆ ಬಡ್ತಿಯ ಆದೇಶ ಬಂತು. ಯಾವ ಶಾಲೆಗೆ ಎಂದರೆ, ಒಂದು ಕಾಲದಲ್ಲಿ ನಾನೇ ನಾಲ್ಕು ವರ್ಷ ಹೆಡ್‌ಮಾಸ್ಟರಾಗಿದ್ದ ಶಾಲೆಗೆ. ಹೆಸರು ಬೇಡ. ಎರಡಂತಸ್ತಿನ ಹಳೆಯ ಕಟ್ಟಡ. ಕೆಳಗೆ ಮರಾಠಿ ಶಾಲೆ, ಮೇಲೆ ಕನ್ನಡ ಶಾಲೆ. ಏಳು ದಿನದೊಳಗೆ ಚಾರ್ಜ್ ತೆಗೆದುಕೊಳ್ಳಬೇಕು, ಇಲ್ಲದಿದ್ದರೆ ಬಡ್ತಿ ರದ್ದಾಗಿ ಪಟ್ಟಿಯಲ್ಲಿ ಮುಂದಿನವರ ಹೆಸರು ಬರುತ್ತದೆ ಎಂದು ಆದೇಶದಲ್ಲಿತ್ತು. ಚಾರ್ಜ್ ಕೊಡಬೇಕಾದವರು ವಾಸುದೇವ ಮಾಸ್ಟ್ರು. ಉಡುಪಿಯವರು, ನಿವೃತ್ತರಾಗುತ್ತಿದ್ದವರು, ಮಂಡಿ ನೋವಿನಿಂದ ಮೆಟ್ಟಿಲು ಹತ್ತುವುದೇ ಕಷ್ಟವಾಗಿದ್ದವರು.

ಮೂರನೆಯ ದಿನ ವಾಸುದೇವ ಮಾಸ್ಟ್ರ ಫೋನು ಬಂತು. ಒಮ್ಮೆ ಬಂದು ಹೋಗಬೇಕಂತೆ. ಹೊಸ ಬಾಯಿಯವರು, ಅಂದರೆ ನೀಲಮ್ಮ ಟೀಚರು, ಪೆನ್ಸಿಲು ಹಿಡಿದುಕೊಂಡು ಇಡೀ ಶಾಲೆ ಸುತ್ತುತ್ತಿದ್ದಾರಂತೆ. ಬೆಂಚುಗಳನ್ನು ಅಡಿ ಮೇಲು ಮಾಡಿ ನಂಬರು ನೋಡುತ್ತಿದ್ದಾರಂತೆ. ಮುರಿದ ಗ್ಲೋಬು, ಭಾರತದ ನಕಾಶೆ, ತುಕ್ಕು ಹಿಡಿದ ತಕ್ಕಡಿ ಎಲ್ಲ ಸಿಕ್ಕಿ ಟಿಕ್ಕು ಬಿದ್ದಿದೆಯಂತೆ. ನಲವತ್ತೊಂದರ ಮುಂದೆ ಪೆನ್ಸಿಲು ನಿಂತಿದೆಯಂತೆ.

ನಲವತ್ತೊಂದನೆಯ ಸಾಲು ಹೀಗಿತ್ತು: ಹಾರ್ಮೋನಿಯಂ, ಒಂದು.

ಶಾಲೆಯಲ್ಲಿ ಹಾರ್ಮೋನಿಯಂ ಇರಲಿಲ್ಲ. ಅಲ್ಮೇರಾದಲ್ಲಿಲ್ಲ, ಮಾಳಿಗೆಯಲ್ಲಿಲ್ಲ, ಮಧ್ಯಾಹ್ನದ ಊಟದ ಅಕ್ಕಿ ಇಡುವ ಕೋಣೆಯಲ್ಲೂ ಇಲ್ಲ. ವಾಸುದೇವ ಮಾಸ್ಟ್ರು ಹತ್ತು ವರ್ಷ ಅಲ್ಲಿದ್ದವರು, ಅದನ್ನು ಕಣ್ಣಿಂದ ಕಂಡೇ ಇರಲಿಲ್ಲ. ನಾನು ಹೋದಾಗ ಅವರು ಕುರ್ಚಿಯಲ್ಲಿ ಕಾಲು ನೀಡಿ ಕುಳಿತಿದ್ದರು, ನೀಲಮ್ಮನವರು ಎದುರಿನ ಬೆಂಚಿನಲ್ಲಿ ರಿಜಿಸ್ಟರು ತೊಡೆಯ ಮೇಲಿಟ್ಟುಕೊಂಡಿದ್ದರು.

“ಎಂತ ಸರ್ ಇದು. ಒಂದು ಪೆಟ್ಟಿಗೆಗೋಸ್ಕರ ಮೂರು ದಿನ. ನಾನೂ ಹಾಕಿದ್ದೆ ಸಹಿ, ನನ್ನ ಹಿಂದಿನವರೂ ಹಾಕಿದ್ರು. ನೀವೂ ಹಾಕಿದ್ದೀರಿ, ನೋಡಿ ಬೇಕಾದ್ರೆ” ಎಂದರು ವಾಸುದೇವ ಮಾಸ್ಟ್ರು.

ನೀಲಮ್ಮನವರು ರಿಜಿಸ್ಟರನ್ನು ನನ್ನ ಕಡೆ ತಿರುಗಿಸಿದರು. ಆರು ಜನ ‘ಸಿಕ್ಕಿದೆ’ ಎಂದು ಸಹಿ ಹಾಕಿದ್ದರು. ಆರರಲ್ಲಿ ನಾಲ್ಕನೆಯದು ನನ್ನದು. ಯೌವನದ ಸಹಿ, ಬಾಲವನ್ನು ಉದ್ದಕ್ಕೆ ಎಳೆದು ಅಡಿಗೆ ಎರಡು ಚುಕ್ಕೆ ಇಟ್ಟಿದ್ದೆ. ಆ ಚುಕ್ಕೆಗಳು ಯಾಕೆಂದು ಈಗ ನೆನಪಿಲ್ಲ, ಬಹುಶಃ ಆತ್ಮವಿಶ್ವಾಸಕ್ಕೆ.

ನಾನು ಹೆಡ್‌ಮಾಸ್ಟರಾದ ದಿನ ನನಗೆ ನೆನಪಿದೆ. ನನ್ನ ಹಿಂದಿನವರಿಗೆ ಡೋಂಬಿವಲಿಯ ಗಾಡಿ ಹಿಡಿಯುವ ಆತುರ, ನನಗೆ ಕುರ್ಚಿಯಲ್ಲಿ ಕೂರುವ ಆತುರ. ಅವರು ಪಟ್ಟಿಯನ್ನು ಮಂತ್ರದ ಹಾಗೆ ಓದಿದರು, ನಾನು ಹೂಂ ಹೂಂ ಎಂದೆ. ಹಾರ್ಮೋನಿಯಂ ಎಂದಾಗಲೂ ಹೂಂ ಎಂದಿರಬೇಕು. ನಾಲ್ಕು ವರ್ಷ ಕಳೆದು ಮುಂದಿನವರಿಗೆ ಚಾರ್ಜ್ ಕೊಡುವಾಗ ನಾನು ಓದಿದೆ, ಅವರು ಹೂಂ ಎಂದರು. ಹೀಗೆ ಇಲ್ಲದ ವಾದ್ಯವೊಂದು ಮೂವತ್ತು ವರ್ಷ ಕೈಯಿಂದ ಕೈಗೆ ಜೋಪಾನವಾಗಿ ದಾಟಿ ಬಂದಿತ್ತು. ಇರುವ ಸಾಮಾನಿಗೂ ನಾವು ಅಷ್ಟು ನಿಷ್ಠೆ ತೋರಿಸಿರಲಿಕ್ಕಿಲ್ಲ.

ವಾಸುದೇವ ಮಾಸ್ಟ್ರನ್ನು ಚಹಾಕ್ಕೆ ಕಳಿಸಿ ನಾನು ನೀಲಮ್ಮನವರ ಹತ್ತಿರ ಕುಳಿತೆ. ಅವರ ಮುಂದೆ ಮೂರು ದಾರಿ ಇತ್ತು. ಎಲ್ಲರ ಹಾಗೆ ಸಹಿ ಹಾಕುವುದು ಒಂದು. ‘ಸಿಕ್ಕಿಲ್ಲ’ ಎಂದು ಬರೆಯುವುದು ಇನ್ನೊಂದು. ಹಾಗೆ ಬರೆದರೆ ಚೌಕಶಿ ಕೂರುತ್ತದೆ, ಅಂದರೆ ವಿಚಾರಣೆ. ವಾಸುದೇವ ಮಾಸ್ಟ್ರ ನಿವೃತ್ತಿಯ ಕಾಗದ ಅದು ಮುಗಿಯುವ ತನಕ ನಿಲ್ಲುತ್ತದೆ, ಉಳಿದ ಸಹಿದಾರರಿಗೂ ನೋಟೀಸು ಹೋಗುತ್ತದೆ. ಮೂರನೆಯದು ಸುಮ್ಮನಿದ್ದುಬಿಡುವುದು. ಏಳು ದಿನ ಕಳೆದರೆ ಬಡ್ತಿ ಹೋಗುತ್ತದೆ, ಅವರು ತಿರುಗಿ ಕಲ್ಯಾಣದ ಕ್ಲಾಸಿಗೆ. ಇದನ್ನೆಲ್ಲ ನಾನು ಅಧಿಕಾರಿಯ ಗಾಂಭೀರ್ಯದಿಂದಲೇ ವಿವರಿಸಿದೆ. ವಿವರಿಸುತ್ತಾ ಮೊದಲನೆಯ ದಾರಿಯ ಕಡೆ ಸ್ವಲ್ಪ ವಾಲಿದ್ದೂ ನಿಜ. ಇಂಥ ಸಣ್ಣ ವಿಷಯಗಳಲ್ಲಿ ವ್ಯವಹಾರ ಜ್ಞಾನ ಬೇಕಾಗುತ್ತದೆ ಎಂದು ಏನೋ ಹೇಳಿದೆ.

ಅವರು ಕೇಳಿಸಿಕೊಂಡರು. ಆಮೇಲೆ ಹೇಳಿದರು.

“ಸರ, ನಮ್ಮಪ್ಪ ಒಂದ್ಸಲ ಹಿಂಗ ಹೆಬ್ಬೆಟ್ಟು ಒತ್ತಿದ್ದರೀ. ಹತ್ತು ಸಲಿಕಿ ಸಿಕ್ಕಾವ ಅಂತ. ಎಂಟ ಇದ್ದವು. ಕೆಲಸಾ ಮಾಡಸೋ ಮುಕಾದಮ ಹೇಳಿದ, ಎಲ್ಲಾರೂ ಒತ್ತತಾರ, ನೀನೂ ಒತ್ತು ಅಂತ. ಕೆಲಸ ಮುಗದ ಮ್ಯಾಲೆ ಎರಡು ಸಲಿಕಿ ಕದ್ದಾನ ಅಂತ ಅವನ್ನ ಹೊರಗ ಹಾಕಿದರು. ಅವತ್ತಿಂದ ಯಾರೂ ಕೆಲಸಕ್ಕ ಕರೀಲಿಲ್ಲ ನಮ್ಮಪ್ಪನ್ನ. ಕಳ್ಳ ಅಂದರು.” ಪೆನ್ಸಿಲನ್ನು ರಿಜಿಸ್ಟರಿನ ಮೇಲಿಟ್ಟು, “ನೀವು ಆವತ್ತು ಠಾಣೇದಾಗ ಚಾರ್ಟ್ ತೋರಿಸಿದಾಗ ನನಗ ಭಾಳ ಛಲೋ ಅನಿಸ್ತರೀ” ಎಂದರು.

ನಾನು ರಿಜಿಸ್ಟರನ್ನು ಮುಚ್ಚಿದೆ. ಮುಚ್ಚಿದರೆ ನನ್ನ ಸಹಿ ಕಾಣುವುದಿಲ್ಲ ಎಂಬುದು ತಕ್ಷಣದ ಲಾಭ.

ಮುಂದಿನ ಎರಡು ದಿನ ನಾನು ಫೋನು ಮಾಡುತ್ತಾ ಕುಳಿತೆ. ಆರು ಜನರಲ್ಲಿ ಇಬ್ಬರು ತೀರಿಹೋಗಿದ್ದರು. ನನ್ನನ್ನೂ ವಾಸುದೇವ ಮಾಸ್ಟ್ರನ್ನೂ ಬಿಟ್ಟರೆ ಉಳಿದವರು ಇಬ್ಬರು. ಒಬ್ಬರು ಹಾರ್ಮೋನಿಯಮ್ಮಾ, ಇತ್ತಲ್ಲ, ಇದ್ದಿರಬೇಕು, ಇಲ್ಲದೆ ನಾನು ಯಾಕೆ ಸಹಿ ಹಾಕಲಿ ಎಂದರು. ಇನ್ನೊಬ್ಬರು ಇದೇ ಮಾತನ್ನು ಸಿಟ್ಟಿನಿಂದ ಹೇಳಿದರು. ಇಬ್ಬರೂ ಹೇಳಿದ್ದು ನಾನು ಹೇಳಬಹುದಾಗಿದ್ದ ಮಾತೇ. ಕೊನೆಗೆ ಉಳಿದದ್ದು, ಈ ಆರು ಜನಕ್ಕೂ ಮೊದಲು ಹೆಡ್‌ಮಾಸ್ಟರಾಗಿದ್ದು ಆ ವಾದ್ಯವನ್ನು ಶಾಲೆಗೆ ತರಿಸಿದ ಕೇಶವ ಮಾಸ್ಟ್ರು. ಎಂಬತ್ತೆಂಟು ವರ್ಷ, ಡೋಂಬಿವಲಿ ಪೂರ್ವದಲ್ಲಿ ಮಗನ ಮನೆಯಲ್ಲಿದ್ದಾರೆ, ಕಿವಿ ಕೇಳಿಸುವುದಿಲ್ಲ ಎಂದು ಯಾರೋ ಹೇಳಿದರು. ಆರನೆಯ ದಿನ ಭಾನುವಾರ. ಬಾಳೆಹಣ್ಣು ತೆಗೆದುಕೊಂಡು ಹೋದೆ.

ಲಿಫ್ಟಿಲ್ಲದ ಮೂರನೆಯ ಮಹಡಿ. ಕೇಶವ ಮಾಸ್ಟ್ರು ಬಾಲ್ಕನಿಯಲ್ಲಿ ಪೇಪರು ಹರಡಿಕೊಂಡು ಅವರೆಕಾಳು ಬಿಡಿಸುತ್ತಿದ್ದರು. ಸೊಸೆ ನನ್ನ ಹೆಸರನ್ನು ಅವರ ಕಿವಿಯ ಹತ್ತಿರ ಕೂಗಿದರು. ಅವರು ನನ್ನನ್ನು ನೋಡಿ, ನೀವು ಇನ್ಸ್‌ಪೆಕ್ಷನ್ನಿಗೆ ಬಂದದ್ದಾ ಎಂದರು. ಮೂವತ್ತು ವರ್ಷದ ಹಿಂದೆ ನಿವೃತ್ತರಾದವರ ಮನೆಗೆ ಇನ್ಸ್‌ಪೆಕ್ಷನ್ನು. ನಾನು ಕುಳಿತು ಒಂದೆರಡು ಅವರೆಕಾಯಿ ಬಿಡಿಸಿದೆ, ಆಮೇಲೆ ಹಾರ್ಮೋನಿಯಂ ಎಂದು ಕೂಗಿದೆ. ಎದುರಿನ ಕಟ್ಟಡದವರೂ ತಿರುಗಿ ನೋಡಿದರು.

“ನಲವತ್ತೊಂದು” ಎಂದರು ಕೇಶವ ಮಾಸ್ಟ್ರು.

ನಾನು ಕೈಯಲ್ಲಿದ್ದ ಕಾಯಿ ಕೆಳಗಿಟ್ಟೆ. ಅವರು ನಿಧಾನವಾಗಿ ಹೇಳಿದರು. ಆ ಕಾಲದಲ್ಲಿ ಕನ್ನಡ ಶಾಲೆಗೆ ಒಬ್ಬರು ಸಂಗೀತದ ಟೀಚರಿದ್ದರಂತೆ, ಅವರಿಗೋಸ್ಕರ ತರಿಸಿದ್ದು. ಮರುವರ್ಷವೇ ಅವರು ವರ್ಗವಾಗಿ ಹೋದರು. ನುಡಿಸುವವರಿಲ್ಲ, ಮಾಳಿಗೆಯಲ್ಲಿಟ್ಟರೆ ಇಲಿ ತಿದಿಯನ್ನು ಕಡಿದುಹಾಕುತ್ತದೆ. ಕೆಳಗಿನ ಮರಾಠಿ ಶಾಲೆಯಲ್ಲಿ ನುಡಿಸುವವರೊಬ್ಬರಿದ್ದರು. ಅಲ್ಲಿಗೆ ಇಳಿಸಿಕೊಟ್ಟರು. ಪ್ರಾರ್ಥನೆಗೆ ಆಗುತ್ತದೆ, ಎರಡೂ ಶಾಲೆಗೆ ಕೇಳುತ್ತದೆ ಎಂದು.

“ಮತ್ತೆ ಚಾರ್ಜ್ ಕೊಡುವಾಗ ಹೇಳ್ಳಿಲ್ವಾ ಮಾಸ್ಟ್ರೇ?” ಎಂದು ಕೂಗಿದೆ.

“ಕೇಳಿದ್ರೆ ಹೇಳ್ತಿದ್ದೆ. ನನ್ನ ನಂತರದವ ಕೇಳಿದ, ಹಾರ್ಮೋನಿಯಂ ಉಂಟಾ ಅಂತ. ಉಂಟು ಅಂದೆ. ಉಂಟಲ್ಲ ಮತ್ತೆ. ಎಲ್ಲಿ ಉಂಟು ಅಂತ ಅವ ಕೇಳ್ಳಿಲ್ಲ.” ಒಂದು ಹುಳದ ಕಾಳು ಆರಿಸಿ ಪಕ್ಕಕ್ಕಿಟ್ಟರು. “ನೀವು ಕೇಳಿದ್ದೀರಾ, ನಿಮ್ಮ ಹಿಂದಿನವರನ್ನ?”

ಬಾಳೆಹಣ್ಣನ್ನು ಸೊಸೆಯ ಕೈಗೆ ಕೊಟ್ಟು ಎದ್ದೆ. ಇಳಿಯುವಾಗ ಮೆಟ್ಟಿಲು ಹತ್ತಿದಾಗಿನದಕ್ಕಿಂತ ಹೆಚ್ಚು ಇದ್ದವು.

ಈಗ ನಿಮಗೆ ಆ ಶಾಲೆಯ ಪ್ರಾರ್ಥನೆಯ ಬಗ್ಗೆ ಹೇಳಬೇಕು. ಅಂಗಳ ಚಿಕ್ಕದು, ಎರಡೂ ಶಾಲೆಯ ಮಕ್ಕಳು ಅದರಲ್ಲಿ ಹಿಡಿಸುವುದಿಲ್ಲ. ಹಾಗಾಗಿ ಮರಾಠಿ ಮಕ್ಕಳು ಅಂಗಳದಲ್ಲಿ, ಕನ್ನಡದ ಮಕ್ಕಳು ಮೇಲಿನ ವರಾಂಡದಲ್ಲಿ ನಿಲ್ಲುತ್ತಾರೆ. ಕೆಳಗಿನ ಹಾಲಿನಲ್ಲಿ ಮೈಕು, ಮೇಲೆ ಕಂಬಕ್ಕೆ ಕಟ್ಟಿದ ಸ್ಪೀಕರಿನ ಭೋಂಗಾ. ಕೆಳಗೆ ಹಾರ್ಮೋನಿಯಂ ನುಡಿಯುತ್ತದೆ, ಮೇಲೆ ನಮ್ಮ ಮಕ್ಕಳು ಅದರ ಶ್ರುತಿ ಹಿಡಿದು ಹಾಡುತ್ತಾರೆ. ನಾನು ನಾಲ್ಕು ವರ್ಷ ಪ್ರತಿದಿನ ಆ ವರಾಂಡದಲ್ಲಿ ಕೈ ಕಟ್ಟಿಕೊಂಡು ನಿಂತಿದ್ದೆ. ಮರಾಠಿ ಶಾಲೆಯವರ ಹಾರ್ಮೋನಿಯಂ ಎಷ್ಟು ಚೆನ್ನಾಗಿದೆ, ನಮ್ಮಲ್ಲಿ ಅಂಥದ್ದೊಂದಿಲ್ಲವಲ್ಲ ಎಂದು ಒಮ್ಮೆ ಮೇಲಿನವರಿಗೆ ಅರ್ಜಿ ಬರೆದದ್ದೂ ನೆನಪಿದೆ. ಅರ್ಜಿಗೆ ಉತ್ತರ ಬಂದಿತ್ತು: ನಿಮ್ಮ ಶಾಲೆಯ ದಾಖಲೆಯಲ್ಲಿ ಒಂದು ಹಾರ್ಮೋನಿಯಂ ಇರುವುದರಿಂದ ಇನ್ನೊಂದನ್ನು ಕೊಡಲು ಬರುವುದಿಲ್ಲ. ಮೇಲಿನವರಿಗೆ ಏನೂ ತಿಳಿಯುವುದಿಲ್ಲ ಎಂದು ಆಗ ಬೈದುಕೊಂಡಿದ್ದೆ.

ಸೋಮವಾರ ಏಳನೆಯ ದಿನ. ಬೆಳಿಗ್ಗೆ ಪ್ರಾರ್ಥನೆಗೆ ಮೊದಲೇ ಹೋಗಿ ವರಾಂಡದಲ್ಲಿ ನಿಂತೆ. ಒಂದು ಪಕ್ಕದಲ್ಲಿ ನೀಲಮ್ಮನವರು, ಇನ್ನೊಂದು ಪಕ್ಕದಲ್ಲಿ ಕೋಲು ಊರಿಕೊಂಡು ವಾಸುದೇವ ಮಾಸ್ಟ್ರು. ಭೋಂಗಾದಲ್ಲಿ ಸ್ವರ ಶುರುವಾಯಿತು.

“ನಲವತ್ತೊಂದು” ಎಂದೆ ನಾನು ಮೆಲ್ಲಗೆ.

ವಾಸುದೇವ ಮಾಸ್ಟ್ರು ಮೇಲೆ ಭೋಂಗಾ ನೋಡಿದರು, ನನ್ನನ್ನು ನೋಡಿದರು, ಮಕ್ಕಳು ಹಾಡುತ್ತಿರುವಾಗ ನಗಬಾರದೆಂದು ಕರ್ಚೀಫು ಬಾಯಿಗಿಟ್ಟುಕೊಂಡರು. ನೀಲಮ್ಮನವರು ನಗಲಿಲ್ಲ. ಪ್ರಾರ್ಥನೆ ಮುಗಿಯುವ ತನಕ ಕಣ್ಣುಮುಚ್ಚಿ ನಿಂತು, ಮುಗಿದ ಕೂಡಲೇ ರಿಜಿಸ್ಟರು ಎತ್ತಿಕೊಂಡು ಕೆಳಗಿಳಿದರು.

ಕೆಳಗಿನ ಶಾಲೆಯ ಮುಖ್ಯಾಧ್ಯಾಪಿಕೆ ಗಾವಡೆ ಬಾಯಿ. ವಿಷಯ ಕೇಳಿ ಅವರಿಗೆ ಮೊದಲು ನಗು, ಆಮೇಲೆ ಗಾಬರಿ. ತಮ್ಮ ಪಟ್ಟಿ ತೆಗೆಸಿ ನೋಡಿದರು. ಅದರಲ್ಲಿ ಹಾರ್ಮೋನಿಯಮ್ಮೇ ಇರಲಿಲ್ಲ. ಮೇಲಿನವರ ಹತ್ತಿರ ಹೆಸರಿದೆ, ವಾದ್ಯವಿಲ್ಲ. ಇವರ ಹತ್ತಿರ ವಾದ್ಯವಿದೆ, ಹೆಸರಿಲ್ಲ. ಕಿಟಕಿಯ ಪಕ್ಕದ ಮೇಜಿನ ಮೇಲೆ, ಬೆನ್ನು ಗೋಡೆಗೆ ತಾಗಿಸಿ, ಯಾರೋ ಟೀಚರು ಹೊಲಿದ ಹೂವಿನ ಗವಸು ಹೊದ್ದು ಅದು ಕುಳಿತಿತ್ತು. ನುಡಿಸುವಾಗ ಗವಸಿನ ಮುಂಬದಿ ಮಾತ್ರ ಎತ್ತುತ್ತಿದ್ದರಂತೆ. ನೀಲಮ್ಮನವರು ಗವಸು ಪೂರ್ತಿ ತೆಗೆದು, ಎರಡು ಕೈಯಿಂದ ಮೆಲ್ಲಗೆ ತಿರುಗಿಸಿದರು. ಬೆನ್ನ ಮೇಲೆ ಬಿಳಿ ಬಣ್ಣದಲ್ಲಿ, ಕನ್ನಡದಲ್ಲಿ, ಶಾಲೆಯ ನಂಬರು, ಅದರ ಕೆಳಗೆ 41.

ಗಾವಡೆ ಬಾಯಿ ಬಗ್ಗಿ ಆ ನಂಬರು ನೋಡಿದರು. ನಿಮ್ಮದಾದರೆ ತೆಗೆದುಕೊಂಡು ಹೋಗಿ, ಬೇಡವೆನ್ನಲು ನಾನ್ಯಾರು, ಆದರೆ ನಾಳೆ ಮಕ್ಕಳಿಗೆ ಏನು ಹೇಳಲಿ ಎಂದು ಮರಾಠಿಯಲ್ಲಿ ಹೇಳುತ್ತಾ ಗವಸಿನ ಧೂಳು ಕೊಡವಿದರು. ಅವರಿಗೆ ಅದನ್ನು ಕೊಡಲು ಮನಸ್ಸಿಲ್ಲವೆಂದು ಯಾರಿಗಾದರೂ ತಿಳಿಯುತ್ತಿತ್ತು. ನೀಲಮ್ಮನವರು ಮರಾಠಿಯಲ್ಲೇ ಉತ್ತರ ಕೊಟ್ಟರು. ವಾದ್ಯ ಇಲ್ಲೇ ಇರಲಿ, ಎಲ್ಲಿದೆ ಎಂದು ನಾನು ಬರೆದುಕೊಳ್ಳುತ್ತೇನೆ, ನೀವು ಅದರ ಕೆಳಗೆ ಒಂದು ಸಹಿ ಹಾಕಿ, ನನಗೆ ಅಷ್ಟು ಸಾಕು ಎಂದು. ಆಮೇಲೆ ಒಂದು ಕೈಯಿಂದ ತಿದಿ ಒತ್ತಿ ಒಂದು ಸ್ವರದ ಮನೆಯ ಮೇಲೆ ಬೆರಳಿಟ್ಟರು. ಅದು ನುಡಿಯಿತು. ಅದನ್ನು ಕೇಳಿದ ಮೇಲೆಯೇ ಪೆನ್ಸಿಲಿನಿಂದ ಟಿಕ್ಕು ಹಾಕಿದರು.

ಮಧ್ಯಾಹ್ನದ ಹೊತ್ತಿಗೆ ಚಾರ್ಜ್ ಮುಗಿಯಿತು. ನಲವತ್ತೊಂದರ ಮುಂದೆ ಹೊಸ ಅಕ್ಷರದಲ್ಲಿ ಹೀಗಿತ್ತು: ಸಿಕ್ಕಿದೆ. ಕೆಳಗಿನ ಹಾಲಿನಲ್ಲಿ, ಕಿಟಕಿಯ ಪಕ್ಕದ ಮೇಜಿನ ಮೇಲೆ. ನುಡಿಯುತ್ತದೆ. ವಾಸುದೇವ ಮಾಸ್ಟ್ರು ಸಹಿ ಹಾಕಿದರು, ಗಾವಡೆ ಬಾಯಿ ಹಾಕಿದರು, ನೀಲಮ್ಮ ಹಾಕಿದರು. ಆಮೇಲೆ ರಿಜಿಸ್ಟರು ನನ್ನ ಕಡೆ ಬಂತು.

“ನೀವೂ ಒಂದು ಹಾಕ್ರಿ ಸರ, ಸಾಕ್ಷಿಗೆ. ಈ ಸಲ ನೋಡಿರಲ್ಲ.”

ನಾನು ಹಾಕಿದೆ. ಚುಕ್ಕೆ ಇಡಲಿಲ್ಲ.

ಮುಂದಿನ ತರಬೇತಿಗಳಲ್ಲಿ ಈ ಕಥೆ ನನಗೆ ಬಹಳ ಉಪಯೋಗಕ್ಕೆ ಬಂತು. ಊಟದ ನಂತರವೂ ಜನ ಎಚ್ಚರವಾಗಿರುತ್ತಿದ್ದರು. ಅದರಲ್ಲಿ ನಾನು ಒಬ್ಬ ಚುರುಕಿನ ಅಧಿಕಾರಿ, ಪತ್ತೆ ಮಾಡಿದವನು. ಸಹಿ ಹಾಕಿದವರ ವಿಷಯ ಬಂದಾಗ ‘ಹಿಂದಿನ ಒಬ್ಬ ಹೆಡ್‌ಮಾಸ್ಟರು’ ಎಂದು ಹೇಳಿ ಮುಂದೆ ಹೋಗುತ್ತಿದ್ದೆ. ಎರಡು ವರ್ಷ ಹೀಗೇ ನಡೆಯಿತು. ಒಮ್ಮೆ ಅನುಭವ ಹಂಚಿಕೊಳ್ಳಲೆಂದು ಕೆಲವು ಹೆಡ್‌ಮಾಸ್ಟರುಗಳನ್ನೂ ಕರೆಸಿದ್ದೆವು. ನಾನು ಕಥೆ ಹೇಳಿ, ಹಿಂದಿನ ಒಬ್ಬ ಹೆಡ್‌ಮಾಸ್ಟರು ಹಾರ್ಮೋನಿಯಂ ಬೇಕೆಂದು ಅರ್ಜಿಯನ್ನೂ ಬರೆದಿದ್ದರು ಎಂದಾಗ ಹಾಲಿನಲ್ಲಿದ್ದವರೆಲ್ಲ ನಕ್ಕರು. ಮೂರನೆಯ ಸಾಲಿನಿಂದ ಒಂದು ಕೈ ಎದ್ದಿತು, ನೀಲಮ್ಮನವರದು.

“ಆ ಹೆಡ್‌ಮಾಸ್ಟರ್ ಯಾರ ಅಂತ ಹೇಳಿಬಿಡ್ರಿ ಸರ. 'ನೋಡಿ ಸಹಿ ಹಾಕ್ರಿ' ಅಂತ ಇವರೆಲ್ಲಾ ಬರಕೊಳಾಕತ್ತಾರ.”

ಹೇಳಿದೆ. ಮೂರು ಭಾಷೆಯಲ್ಲೂ ಹೇಳಬೇಕಾಯಿತು. ಆಮೇಲೆ ಆ ಪಾಠಕ್ಕೆ ನಾನು ಕೋಲು ಹಿಡಿಯಲಿಲ್ಲ, ಚಾರ್ಟನ್ನೂ ತಟ್ಟಲಿಲ್ಲ. ಅಷ್ಟರಿಂದ ಪಾಠ ಚೆನ್ನಾಯಿತೋ ಕೆಟ್ಟಿತೋ ಕೇಳಿದವರು ಹೇಳಬೇಕು.

ಇದನ್ನೆಲ್ಲ ಆ ಭಾನುವಾರ ಅಡುಗೆಮನೆಯಲ್ಲಿ ಕುಸುಮಾ ಅವರ ಡಬ್ಬದ ಮುಂದೆ ಹೇಳಿದೆ. ಗಣೇಶ ನಕ್ಕ. ಸುಮತಿಗೆ ಇದು ಇಪ್ಪತ್ತನೆಯ ಸಲ. ಈರಾ ಮಾತ್ರ ಡಬ್ಬವನ್ನು ತಿರುಗಿಸಿ ನೋಡುತ್ತಾ, ಹಾಗಾದರೆ ನಮ್ಮ ಡಬ್ಬ ಎಲ್ಲಿದೆ ಎಂದು ಹಿಂದಿಯಲ್ಲಿ ಕೇಳಿದಳು. ಸುಮತಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ.

ಅದಾದ ಮುಂದಿನ ತಿಂಗಳ ಕೊನೆಯಲ್ಲಿ ನೀಲಮ್ಮನವರು ಅದೇ ಶಾಲೆಯಿಂದ ನಿವೃತ್ತರಾದರು. ನನ್ನನ್ನು ಕರೆದಿದ್ದರು. ಶಾಲು, ತೆಂಗಿನಕಾಯಿ, ಭಾಷಣ ಎಲ್ಲ ಮುಗಿದ ಮೇಲೆ ಹೊಸ ಹೆಡ್‌ಮಾಸ್ಟರನ್ನು ಕರೆದುಕೊಂಡು ಕೆಳಗಿಳಿದರು. ಕಲಬುರಗಿಯ ಕಡೆಯವನು, ಇನ್ನೂ ತರುಣ, ಗಾಡಿಗೆ ಹೊತ್ತಾಗುತ್ತದೆಂದು ಎರಡು ಸಲ ಗಡಿಯಾರ ನೋಡಿದ್ದ. ಕೆಳಗಿನ ಹಾಲಿನಲ್ಲಿ ಗವಸು ತೆಗೆದು, ವಾದ್ಯವನ್ನು ತಿರುಗಿಸಿ ನಂಬರು ತೋರಿಸಿ, ಎಲ್ಲ ಮನೆಗಳನ್ನೂ ಒಂದೊಂದಾಗಿ ಒತ್ತಿ ನೋಡಲು ಹೇಳಿದರು. ಅವನು ಎಡದಿಂದ ಬಲಕ್ಕೆ ಒತ್ತುತ್ತಾ ಹೋದ. ಬಲಗಡೆ ಕೊನೆಯ ಹತ್ತಿರ ಒಂದು ಬಿಳಿ ಮನೆ ಕೆಳಗೆ ಹೋಯಿತು, ಸದ್ದು ಬರಲಿಲ್ಲ. ಅವನು ಇನ್ನೊಮ್ಮೆ ಒತ್ತಿದ. ಪರವಾಗಿಲ್ಲ ಮೇಡಂ, ನಡೀತದ ಎಂದ.

ನೀಲಮ್ಮನವರು ಕನ್ನಡಕ ಹಾಕಿಕೊಂಡು ರಿಜಿಸ್ಟರು ತೆರೆದರು. ನಲವತ್ತೊಂದರ ಮುಂದೆ ‘ಬಲದಿಂದ ಮೂರನೆಯ ಮನೆ ನುಡಿಯುವುದಿಲ್ಲ’ ಎಂದು ಬರೆದು, ಪೆನ್ನನ್ನು ಅವನ ಕೈಗೆ ಕೊಟ್ಟರು.